ಬೋಜ ಆಚಾರಿಯ ಸ್ನೇಹದ್ವಾರ

ಸ್ಮಾರಕ ಮಾಡಿದವರನ್ನು ಅದರ ಉದ್ಘಾಟನೆಗೆ ಕರೆಯುವುದಿಲ್ಲ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವರು ನೀವೇ.

೧೯೯೪ರಲ್ಲಿ ಕಾರ್ಕಳದ ಕಡೆಯ ಬೋಜ ಆಚಾರಿ ಮಸ್ಕತ್ತಿನ ಘಾಲಾದಲ್ಲಿ ಮರಗೆಲಸದ ವರ್ಕ್‌ಶಾಪೊಂದರಲ್ಲಿದ್ದರು. ಗಲ್ಫಿಗೆ ಬಂದ ಮೇಲೆ ಮಾಡಿದ್ದೆಲ್ಲ ಆಫೀಸಿನ ಮೇಜು, ಫಾರ್ಮೈಕಾ ಅಂಟಿಸಿದ ಕಪಾಟು. ಕೆತ್ತನೆಯ ಉಳಿಗಳು ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯುತ್ತಿದ್ದವು. ಆ ವರ್ಷ ಕಂಪೆನಿಗೆ ದೊಡ್ಡದೊಂದು ಆಸೆ ಹುಟ್ಟಿತು. ದೂರದ ನಿಜ್ವಾ ಪಟ್ಟಣದಲ್ಲಿದ್ದ ತನ್ನ ಅತಿಥಿಗೃಹದ ತೋಟಕ್ಕೆ ಭಾರತ–ಒಮಾನ್ ಗೆಳೆತನದ ನೆನಪಿನ ಮರದ ದ್ವಾರ ಬೇಕಂತೆ. ಒಂದು ಬಾಗಿಲಿಗೆ ಖರ್ಜೂರದ ಗೊನೆ, ಇನ್ನೊಂದಕ್ಕೆ ಮಾವಿನೆಲೆ, ಮೇಲಿನ ಅಡ್ಡಹಲಗೆಯಲ್ಲಿ ನವಿಲು.

ಬೋಜ ಆಚಾರಿ ರಜೆ ಕೇಳಲು ಹೋದ ದಿನವೇ ಮ್ಯಾನೇಜರ್ ಶ್ರೀನಿವಾಸಮೂರ್ತಿ ಆ ಕೆಲಸ ವಹಿಸಿದರು.

“ಮಗಳು ಕುಸುಮನ ಮದುವೆ ಸಾರ್. ಧಾರೆ ನಾನೇ ಎರೆಯಬೇಕಲ್ಲ.”

“ಎರೀರಿ, ಯಾರು ಬೇಡ ಅಂದ್ರು? ಗೇಟ್ ಮುಗಿಸಿ, ಪಾಸ್‌ಪೋರ್ಟ್ ತಗೊಳ್ಳಿ, ಹೊರಡಿ. ಖಲಾಸ್.”

ಪಾಸ್‌ಪೋರ್ಟ್ ಇದ್ದದ್ದು ಮೂರ್ತಿಯವರ ಡ್ರಾಯರಿನಲ್ಲಿ. ಎಲ್ಲ ಕೆಲಸಗಾರರದ್ದೂ ಅಲ್ಲೇ. ತನ್ನ ಹೆಸರು, ತನ್ನ ಮುಖ ಇರುವ ಪುಸ್ತಕವನ್ನು ಕೈಮುಗಿದು ಬೇಡುವುದು ಅಲ್ಲಿ ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಆಚಾರಿ ಕೆತ್ತಲು ಕೂತರು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಫೋರ್‌ಮ್ಯಾನ್ ಲಿಗೋರಿ, ಮಂಗಳೂರಿನ ಕ್ರೈಸ್ತರು, ಊರಿನ ರೂಢಿಯಂತೆ ಆಚಾರಿಗೆ ‘ಪೊರ್ಬುಗಳು’, ಪಕ್ಕದಲ್ಲಿ ನಿಂತು ಕಾಲೆಳೆಯುತ್ತಿದ್ದರು.

“ಬೋಜಣ್ಣ, ನವಿಲಿಗೆ ಸೀರೆ ಒಂದು ಬಾಕಿ ನೋಡಿ. ಮದುಮಗಳಿಗೂ ಇಷ್ಟು ಶೃಂಗಾರ ಇಲ್ಲ ಮಾರಾಯ್ರೆ.”

“ನೀವು ಸುಮ್ಮನಿರಿ ಪೊರ್ಬುಗಳೇ. ಇದು ಬೇಗ ಮುಗಿದ್ರೆ ಕುಸುಮನಿಗೆ ಸೀರೆ ಕೊಳ್ಳಲಿಕ್ಕೆ ನಾನೇ ಇರ್ತೇನೆ.”

ಆಚಾರಿಯ ಮನೆತನದಲ್ಲಿ ಒಂದು ಪದ್ಧತಿ ಉಂಟು. ಬಾಗಿಲ ದಾರಂದ ನಿಲ್ಲಿಸಿದರೂ ಕೊನೆಯ ಬೆಣೆಯನ್ನು ಪೂರ್ತಿ ಹೊಡೆಯುವುದಿಲ್ಲ. ಮನೆಯ ಯಜಮಾನ ಬಂದು ವೀಳ್ಯ ಕೊಡಬೇಕು, ಆಗ ಆಚಾರಿ ಬೆಣೆ ಹೊಡೆದು ಬಾಗಿಲನ್ನು ಬಿಟ್ಟುಕೊಡಬೇಕು. ಅದಕ್ಕೆ ಮೊದಲು ಯಾರೂ ಅದರಡಿ ದಾಟುವಂತಿಲ್ಲ. ನಿಜ್ವಾದಲ್ಲೂ ಅವರು ಹಾಗೆಯೇ ಮಾಡಿದರು. ಉದ್ಘಾಟನೆಯ ಹಿಂದಿನ ದಿನ ದ್ವಾರ ನಿಲ್ಲಿಸಿ, ನವಿಲಿನ ಹಲಗೆಯ ಬೆಣೆಯನ್ನು ಅರ್ಧ ಬಿಟ್ಟರು.

“ಸಾರ್, ನಾಳೆ ಒಂದು ವೀಳ್ಯ ಕೊಡಿಸಬೇಕು. ಕೊನೆಯ ಬೆಣೆ ನಾನು ಆಗ ಹೊಡೀತೇನೆ.”

ಮೂರ್ತಿಯವರು ಶಾಮಿಯಾನದವರ ಜೊತೆ ಜಗಳದಲ್ಲಿದ್ದರು. “ಆಯ್ತು ಆಯ್ತು, ಎಲ್ಲಾ ಮಾಡೋಣ. ಈಗ ಗಾಡಿ ಹತ್ತಿ.”

ಗಾಡಿ ಆಚಾರಿಯನ್ನು ಘಾಲಾಕ್ಕೆ ತಂದು ಬಿಟ್ಟಿತು. ಮರುದಿನ ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಕಾದರೆ, ಕರೆದೊಯ್ಯಲು ಯಾರೂ ಬರಲಿಲ್ಲ. ಕೆಲಸದವರನ್ನು ಕರೆಯುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಆಚಾರಿ ಲಿಗೋರಿಯವರ ಬಳಿಗೆ ಓಡಿದರು.

“ಪೊರ್ಬುಗಳೇ, ಬೆಣೆ ಸಡಿಲ ಉಂಟು. ಬಾಗಿಲು ಆಡಿಸಿದ್ರೆ ಹಲಗೆ ಜಾರ್ತದೆ. ಒಂದು ಫೋನ್ ಮಾಡಿ.”

“ಅಯ್ಯೋ ದೇವರೇ! ಹೊಡೆದು ಬರ್ಲಿಕ್ಕೆ ಎಂತ ಆಗಿತ್ತು ನಿಮಗೆ?”

“ವೀಳ್ಯ ಕೊಡದೆ ಹೇಗೆ ಹೊಡೆಯುದು?”

ಲಿಗೋರಿ ಅಲ್ ಖುವೈರಿನಲ್ಲಿದ್ದ ಕಂಪೆನಿಯ ಆಫೀಸಿಗೆ ಫೋನು ಮಾಡಿದರು. ರಿಂಗಾಯಿತು, ಅಷ್ಟೇ. ಎಲ್ಲರೂ ಗೆಳೆತನ ಆಚರಿಸಲು ನಿಜ್ವಾಕ್ಕೆ ಹೋಗಿದ್ದರು.

ಅತಿಥಿಗಳು ಬಾಗಿಲು ತಳ್ಳಿದಾಗ ಹಲಗೆ ಜಾರಿ ನೆಲಕ್ಕೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ನವಿಲು ಮಾತ್ರ ಸೀಳಿ ಎರಡು ತುಂಡಾಯಿತು.

“ಬೇಕಂತಲೇ ಮಾಡಿದ್ದೀಯಾ!” ಸಂಜೆ ಮೂರ್ತಿಯವರು ಕೂಗಾಡಿದರು. ಬಹುವಚನ ಹೋಗಿತ್ತು. “ನಿನ್ನ ಪದ್ಧತಿ ಊರಲ್ಲಿ ಇಟ್ಕೋ. ಹೊಸ ನವಿಲು ಕೂರೋವರೆಗೂ ಪಾಸ್‌ಪೋರ್ಟ್ ಇಲ್ಲ.”

ಅಷ್ಟು ಅಗಲದ ಸಾಗುವಾನಿ ಬಾಂಬೆಯಿಂದ ಹಡಗಿನಲ್ಲಿ ಬರಬೇಕಿತ್ತು. ಅಷ್ಟರಲ್ಲಿ ಮದುವೆ ಮುಗಿಯುತ್ತಿತ್ತು. ಲಿಗೋರಿ ಹೋಗಿ ಬೇಡಿಕೊಂಡರು: “ಮದುವೆ ಮುಗಿಸಿ ಬರ್ಲಿ ಸಾರ್, ನಾನು ಜವಾಬ್ದಾರಿ.”

“ಬರದಿದ್ರೆ ನೀವು ಕೆತ್ತುತೀರೇನ್ರೀ ನವಿಲು?”

ವೀಸಾ ಕೊಟ್ಟ ಕಫೀಲನ ಹತ್ತಿರವೇ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಒಮಾನಿ ಯಜಮಾನನ ಮುಖವನ್ನು ಬೋಜ ಆಚಾರಿ ಒಮ್ಮೆಯೂ ಕಂಡಿರಲಿಲ್ಲ. ನಡುವೆ ಅಡ್ಡ ನಿಂತವರೆಲ್ಲ ನಮ್ಮವರೇ, ಕನ್ನಡ ಮಾತಾಡುವವರೇ.

ಮದುವೆಯ ಹಿಂದಿನ ದಿನ ಅವರು ಅಂಗಡಿಯ ಫೋನಿನಿಂದ ಹೆಂಡತಿ ಅಪ್ಪಿಗೆ ಹೇಳಿದರು, “ಧಾರೆ ನಿನ್ನ ಅಣ್ಣ ಎರೆಯಲಿ.”

“ನಿಮಗೆ ಅಲ್ಲಿ ಎಂತ ಆಯ್ತು? ಹೇಳಿ.”

“ಎಂತ ಇಲ್ಲ. ಕೆಲಸ ಮುಗೀಲಿಲ್ಲ.”

“ಕುಸುಮ ಇಲ್ಲೇ ಇದ್ದಾಳೆ. ಕೊಡ್ಲಾ?”

“ಬೇಡ,” ಎಂದರು. ಆದರೂ ಫೋನು ಇಡಲಿಲ್ಲ. ಆ ಕಡೆ ಯಾರೋ ನಗುತ್ತಿದ್ದರು, ಪಾತ್ರೆ ಸದ್ದಾಗುತ್ತಿತ್ತು. ಲೈನು ತಾನಾಗಿ ಕಡಿಯಿತು.

ಮದುವೆಯ ದಿನ ಮುಹೂರ್ತದ ಹೊತ್ತಿಗೆ ಲಿಗೋರಿ ಗರಗಸದ ಯಂತ್ರ ನಿಲ್ಲಿಸಿದರು. ಬೋಜ ಆಚಾರಿ ನಲ್ಲಿಯಲ್ಲಿ ಕೈ ತೊಳೆದು ಬಂದರು. ಒದ್ದೆ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ, ಹಾಗೇ ಮುಂದೆ ಹಿಡಿದು ನಿಂತರು. ನೀರು ಮರದ ಪುಡಿಯ ಮೇಲೆ ತೊಟ್ಟಿಕ್ಕಿತು. ಆಮೇಲೆ, “ಹಾಕಿ ಪೊರ್ಬುಗಳೇ, ಮಿಷನ್ ಹಾಕಿ,” ಎಂದರು.

ಎರಡನೇ ನವಿಲಿಗೆ ಅವರು ವೀಳ್ಯ ಕೇಳಲಿಲ್ಲ. ಬೆಣೆಯನ್ನು ಬುಡದವರೆಗೆ ಹೊಡೆದು ಇಳಿದು ಬಂದರು.

ಇದನ್ನು ಓದುತ್ತಿರುವವರಲ್ಲಿ ಮ್ಯಾನೇಜರುಗಳಿದ್ದೀರಿ, ಅಕೌಂಟೆಂಟುಗಳಿದ್ದೀರಿ, ಡ್ರಾಯರಿನ ಬೀಗದ ಕೈ ಸೊಂಟದಲ್ಲಿಟ್ಟುಕೊಂಡವರಿದ್ದೀರಿ. ಗೆಳೆತನದ ಭಾಷಣ ಸಾಕು. ಪತ್ರಿಕೆ ಕೆಳಗಿಡಿ, ಡ್ರಾಯರ್ ತೆರೆಯಿರಿ, ಅದರಲ್ಲಿರುವ ಪಾಸ್‌ಪೋರ್ಟುಗಳನ್ನು ಅವರವರ ಕೈಗೆ ಕೊಡಿ. ಅವರು ಬಂದು ಕೇಳುವ ಮೊದಲೇ ಕೊಡಿ.