ಏಣಿ ಹತ್ತಿಸಿ ಪ್ಯಾಂಟ್ ಹೊಲಿದ ಅಕ್ಕ

ತುಟಿಯ ಎಡಮೂಲೆಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡೇ ಅಕ್ಕ ಧಾರಾಳವಾಗಿ ಬೈಯುತ್ತಿದ್ದರು. ಒಂದೂ ಬೀಳುತ್ತಿರಲಿಲ್ಲ. ಕೊಚ್ಚಿಯ ವೈಟ್ಟಿಲದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರ ಹೊಲಿಗೆ ಅಂಗಡಿ. ಹುಟ್ಟಿದ್ದು ಕಾಸರಗೋಡಿನ ಕಡೆ. ಕೊಚ್ಚಿಗೆ ಬಂದು ಮೂವತ್ತು ವರ್ಷವಾಗಿದ್ದರೂ ಕನ್ನಡ ಮಾತ್ರ ಊರಿನದೇ. ಗಿರಾಕಿಗಳಿಗೆಲ್ಲ ಚೇಚಿ, ನನಗೆ ಅಕ್ಕ.

ನಾನು ಹುಬ್ಬಳ್ಳಿಯವಳು. ಮೆಕ್ಯಾನಿಕಲ್ ಓದಿ ಕೊಚ್ಚಿಯ ಪಕ್ಕದ ಏಲೂರಿನ ಒಂದು ಕಾರ್ಖಾನೆಗೆ ಸೇರಿದ ಹೊಸತು. ಪಂಪು, ಕೊಳವೆ, ಬಿಸಿ ಹಬೆಯ ನಡುವೆ ಕೆಲಸ. ಕಾಲು ಪೂರ್ತಿ ಮುಚ್ಚುವ ಹತ್ತಿಬಟ್ಟೆಯೇ ಆಗಬೇಕೆಂಬ ನಿಯಮ. ಚಳಿದೇಶದ ಕೆಲಸಗಾರರ ಚಿತ್ರ ನೋಡಿ ಮರುಳಾಗಿ, ಆನ್‌ಲೈನಿನಲ್ಲಿ ಎಲ್ಲಕ್ಕಿಂತ ದಪ್ಪನೆಯ ಡೆನಿಮ್ ಪ್ಯಾಂಟನ್ನೇ ತರಿಸಿದೆ. ಕೊಚ್ಚಿಯ ಸೆಕೆಗೆ ಎರಡೇ ವಾರದಲ್ಲಿ ತೊಡೆಯೆಲ್ಲ ಕೆಂಪು ದದ್ದು, ಹೆಜ್ಜೆ ಇಟ್ಟರೆ ಉರಿ. ನಾನು ಕಾಲಗಲಿಸಿ ನಡೆಯುವುದನ್ನು ಕಂಡ ಮ್ಯಾನೇಜರ್, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: ಎ.ಸಿ. ಕೋಣೆಯಲ್ಲಿ ಮೇಜಿನ ಕೆಲಸವೊಂದು ಖಾಲಿಯಿದೆ, ತಿಂಗಳ ಕೊನೆಯೊಳಗೆ ತಿಳಿಸು. ಹೋದರೆ ಮತ್ತೆ ಪಂಪಿನ ಹತ್ತಿರ ಬರುವ ಮಾತಿಲ್ಲ. ಯಂತ್ರ ಮುಟ್ಟುವ ಆಸೆಗೇ ಮನೆಯವರೊಡನೆ ಜಗಳವಾಡಿ ಓದಿದವಳು ನಾನು. ಬಸ್ಸಿಳಿದು ಫೋನಿನಲ್ಲಿ ಅಮ್ಮನ ಹತ್ತಿರ ಇದನ್ನೆಲ್ಲ ಹೇಳಿಕೊಂಡು ಅಳುತ್ತ ಬರುವಾಗ, ಕನ್ನಡ ಕಿವಿಗೆ ಬಿದ್ದು ಅಕ್ಕ ಅಂಗಡಿಯಿಂದಲೇ ಕೂಗಿ ಕರೆದರು.

"ಎಂತದಿದು ಮಾರಾಯ್ತಿ, ಪ್ಯಾಂಟೋ ಗೋಣಿಯೋ?"

"ಭಾಳ ಗಟ್ಟಿ ಐತ್ರಿ ಅಕ್ಕಾ. ಹತ್ತ ವರ್ಷ ಬರ್ತೈತಂತ್ರಿ."

"ಪ್ಯಾಂಟ್ ಬರ್ತದೆ. ನೀನು ಬರ್ಬೇಕಲ್ಲ!"

ಆ ಭಾನುವಾರ ನನ್ನನ್ನು ಎರ್ನಾಕುಲಂ ಮಾರುಕಟ್ಟೆಗೆ ಎಳೆದುಕೊಂಡು ಹೋದರು. ಬಟ್ಟೆ ಆರಿಸುವುದರಲ್ಲಿ ಅವರದೇ ಒಂದು ಪದ್ಧತಿ. ಡೆನಿಮ್ಮಿನ ಒಂದು ಪದರವನ್ನು ತುಟಿಗೆ ಒತ್ತಿ ಹಿಡಿದು, ಅದರ ಹಿಂದೆ ನನ್ನ ಮಣಿಕಟ್ಟು ಇರಿಸಿ, ಜೋರಾಗಿ ಊದುವುದು. "ಉಸಿರು ತಾಗಿತಾ?" ಇಲ್ಲವೆಂದರೆ ಆ ಥಾನು ಪಕ್ಕಕ್ಕೆ. ಏಳು ಥಾನುಗಳಾಗುವಷ್ಟರಲ್ಲಿ ಅಂಗಡಿಯವನ ಮುಖ ಹುಳ್ಳಗಾಗಿತ್ತು. ಎಂಟನೆಯದರಲ್ಲಿ ಮಣಿಕಟ್ಟಿಗೆ ಬೆಚ್ಚಗೆ ಗಾಳಿ ತಾಗಿತು. ತೆಳು, ಸಡಿಲ ನೇಯ್ಗೆ, ಕಡುನೀಲಿ. "ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ, ಕತ್ತರಿ ಹಾಕುವುದು ಮತ್ತೆ," ಎಂದು ಅದನ್ನು ಬಕೆಟ್ಟಿನಲ್ಲಿ ನೆನೆಹಾಕಿದರು.

ತಾತ್ಕಾಲಿಕವಾಗಿ ದೊಡ್ಡ ಹೊಲಿಗೆ ಹಾಕಿದ ಪ್ಯಾಂಟ್ ತೊಡಿಸಿ ನೋಡುವ ದಿನ ನಾನು ಕನ್ನಡಿ ಹುಡುಕಿದೆ. "ನೀನೆಂತ ಮದುಮಗಳಾ? ಏಣಿ ಹತ್ತು!" ಎಂದು ಗದರಿದರು. ಅಂಗಡಿಯ ಮುಂದೆಯೇ ಏಣಿ ಹತ್ತಿದೆ, ಇಳಿದೆ, ಕುಕ್ಕರಗಾಲಲ್ಲಿ ಕುಳಿತೆ, ಮೊಣಕಾಲೂರಿ ಇಲ್ಲದ ವಾಲ್ವ್ ತಿರುಗಿಸಿದೆ. ಎದುರಿನ ಚಹಾದಂಗಡಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಎಲ್ಲಿ ಬಿಗಿಯಾಯಿತೋ ಅಲ್ಲೆಲ್ಲ ಅಕ್ಕ ಸೀಮೆಸುಣ್ಣದ ಗೆರೆ ಎಳೆಯುತ್ತ ಹೋದರು.

ಪ್ಯಾಂಟ್ ಸಿದ್ಧವಾಯಿತು. ಒಂದು ವಾರ ಅದನ್ನು ತೊಟ್ಟು ಮನೆಯ ನೆಲ ಒರೆಸು, ಮೈಗೆ ಹೊಂದಲಿ ಎಂದಿದ್ದರು. ಒರೆಸಿದೆ. ಆದರೆ ನಮ್ಮ ಮನೆಯಲ್ಲಿ ಹತ್ತಿಬಟ್ಟೆ ಎಂದರೆ ಗಂಜಿ ಹಾಕದೆ ಬಿಟ್ಟವರಿಲ್ಲ. ನಾನೂ ಒಗೆದು, ಗಟ್ಟಿ ಗಂಜಿಯಲ್ಲಿ ಅದ್ದಿ, ಬಿಸಿಲಿಗೆ ಹಾಕಿದೆ. ಒಣಗಿದ ಪ್ಯಾಂಟ್ ಗೋಡೆಗೆ ಒರಗಿ ತಾನೇ ನಿಂತಿತು! ಅದೇ ಸೊಗಸೆಂದು ಕೆಲಸಕ್ಕೆ ಹೋದೆ. ಏಣಿಯ ಮೂರನೇ ಮೆಟ್ಟಿಲಲ್ಲಿ ಮೊಣಕಾಲು ಮಡಿಯಲೇ ಇಲ್ಲ. ಕೆಳಗಿದ್ದ ಹಿರಿಯ ಫಿಟ್ಟರ್, ನಮಗೆಲ್ಲ ಚೇಟ್ಟನ್ ಅಂದರೆ ಅಣ್ಣ, ಮಲಯಾಳದಲ್ಲಿ ಹೇಳಿದರು, ಮಗಳೇ, ಪ್ಯಾಂಟನ್ನು ಮೇಲೆ ಕಳಿಸು, ನೀನು ಇಳಿದು ಬಾ. ಎಲ್ಲರ ನಗುವಿನ ನಡುವೆ ನಾಚಿ ನೀರಾದೆ. ಬೆವರಿಗೆ ಗಂಜಿ ಅಂಟಂಟಾಗಿ ತೊಡೆ ಮತ್ತೆ ಉರಿಯತೊಡಗಿತು. ಮೇಜಿನ ಕೆಲಸವೇ ನನ್ನ ಹಣೆಬರಹ ಎಂದುಕೊಂಡೆ.

ಸಂಜೆ ಅಕ್ಕ ಬಟ್ಟೆ ಮುಟ್ಟಿ ನೋಡಿದರು. "ಗಾಳಿ ಹೋಗ್ಲಿ ಅಂತ ನಾನು ಮಾರ್ಕೆಟ್ಟೆಲ್ಲ ಊದಿದ್ದು. ನೀನು ಆ ತೂತಿಗೆಲ್ಲ ಅನ್ನ ತುಂಬಿಸಿದ್ದಾ?" ಎಂದವರು ನಗಲು ಶುರುಮಾಡಿದರು ನೋಡಿ, ಮೂರೂ ಗುಂಡುಸೂಜಿ ನೆಲಕ್ಕೆ ಬಿದ್ದವು. ಅವನ್ನು ಹುಡುಕುತ್ತ ಇಬ್ಬರೂ ನೆಲದ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಅವರೇ ನಾಲ್ಕು ನೀರಿನಲ್ಲಿ ಗಂಜಿ ತೊಳೆದುಕೊಟ್ಟರು.

ತಿಂಗಳ ಕೊನೆಗೆ ದದ್ದು ಮಾಯವಾಗಿತ್ತು. ಕುರ್ಚಿಯ ಕೆಲಸ ಬೇಡವೆಂದು ಮ್ಯಾನೇಜರಿಗೆ ಹೇಳಿ, ಅಂದೇ ಒಂದು ಪಂಪು ಬಿಚ್ಚಿದೆ. ಅಂಥ ಖುಷಿಯ ದಿನ ನನ್ನ ಬಾಳಿನಲ್ಲಿ ಹೆಚ್ಚಿಲ್ಲ.

ಐದು ವರ್ಷ ಕಳೆದವು. ಕಣ್ಣು ಮಂಜಾಗಿ ಅಕ್ಕ ಅಂಗಡಿ ಮುಚ್ಚಿ ತಿರುವನಂತಪುರದ ಮಗಳ ಮನೆ ಸೇರಿದ್ದಾರೆ. ಅವರ ಕನ್ನಡಕ್ಕೆಲ್ಲ ಮೊಮ್ಮಗಳು ಮಲಯಾಳದಲ್ಲೇ ಉತ್ತರ ಕೊಡುತ್ತಾಳೆ. ಕಳೆದ ತಿಂಗಳು ಪೇಡೆ ಕಟ್ಟಿಸಿಕೊಂಡು ಹೋಗಿದ್ದೆ, ಅದೇ ಪ್ಯಾಂಟ್ ತೊಟ್ಟು. ಪೇಡೆ ಆಮೇಲೆ ಎಂದು ನನ್ನನ್ನು ಜಗಲಿಯ ಬೆಳಕಿಗೆ ಎಳೆದು, ಹಿಂದೆ ಮುಂದೆ ತಿರುಗಿಸಿ, ಬಾಗಿ ಬಟ್ಟೆಯನ್ನು ಕಣ್ಣಿಗೆ ಹಿಡಿದು ನೋಡಿದರು.

"ಕೂತ ಜಾಗದಲ್ಲಿ ಬಟ್ಟೆ ಇನ್ನೂ ನೀಲಿಯೇ ಉಂಟು. ಬೆಳ್ಳಗಾದದ್ದೆಲ್ಲ ಮೊಣಕಾಲಿನಲ್ಲಿ," ಎಂದರು. ಆಮೇಲೆ ತಮಗೆ ತಾವೇ ಎಂಬಂತೆ, "ಇವಳು ಕುರ್ಚಿಯಲ್ಲಿ ಕೂತೇ ಇಲ್ಲ."

"ನೀವ ಕುಂದ್ರಾಕ ಬಿಡ್ಲಿಲ್ಲಲ್ರೀ ಅಕ್ಕಾ," ಎಂದು ಅವರ ಎರಡೂ ಕೈ ಹಿಡಿದುಕೊಂಡೆ.