ನಾಲ್ಕನೆಯ ಆಲ್ಬಮ್ಮಿನ ಮೊದಲ ಮೂರು ನಿಮಿಷ

ಹೋದ ವಾರ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಕಂಪನಿ ಬಸ್ಸು ಸಿಂಗಸಂದ್ರದಲ್ಲಿ ನಿಂತಲ್ಲೇ ನಿಂತಿತ್ತು. ಬೇಸರಕ್ಕೆ ಫೋನು ತೆಗೆದರೆ, ನಾನು ಹರೆಯದಿಂದಲೂ ಹಚ್ಚಿಕೊಂಡಿರುವ ಒಂದು ವಿದೇಶಿ ಬ್ಯಾಂಡಿನ ಅಭಿಮಾನಿಗಳ ಗುಂಪಿನಲ್ಲಿ ಜಗಳ. ಅವರ ಏಳು ಆಲ್ಬಮ್ಮುಗಳಲ್ಲಿ ಯಾವುದು ಮೇಲು, ಯಾವುದು ಕಸ ಎಂಬುದೇ ವಿಷಯ. ಬ್ಯಾಂಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಒಂದು ಪಕ್ಷ ಹಿಡಿದು ಕೂರುತ್ತೀರಿ, ಅದನ್ನು ತಡೆದುಕೊಳ್ಳುವ ತ್ರಾಣ ನನಗೆ ಉಳಿದಿಲ್ಲ.

ಪ್ರೋಗ್ರೆಸಿವ್ ರಾಕ್ ಎನ್ನುವುದನ್ನು ಕೇಳದವರಿಗೆ ಇಷ್ಟು ಗೊತ್ತಿದ್ದರೆ ಸಾಕು: ಅದರಲ್ಲಿ ಒಂದೊಂದು ಹಾಡು ಇಪ್ಪತ್ತು ನಿಮಿಷ. ಹಾಡುವವನು ಬಾಯಿ ಬಿಡುವಷ್ಟರಲ್ಲಿ ನಿಮ್ಮ ಅನ್ನ ಬೆಂದಿರುತ್ತದೆ. ಈ ಬ್ಯಾಂಡಿನ ನಾಲ್ಕನೆಯ ಆಲ್ಬಮ್ಮೇ ಶಿಖರ ಎಂದು ನಮ್ಮ ಪಕ್ಷ, ತಲೆನೋವು ಎಂದು ಎದುರು ಪಕ್ಷ. ಆರನೆಯದರಲ್ಲಿ ಅವರು ಹಾಡುಗಳನ್ನು ನಾಲ್ಕು ನಿಮಿಷಕ್ಕೆ ಇಳಿಸಿ, ಡ್ರಮ್ಮಿನ ಸದ್ದು ಏರಿಸಿಬಿಟ್ಟರು. ಬಸ್ಸು ನಿಂತ ಆ ದಿನ ಗುಂಪಿನಲ್ಲಿ ಯಾರೋ ಬರೆದಿದ್ದರು, ಆರನೆಯದು ತಾಳ್ಮೆ ಇಲ್ಲದವರ ಆಲ್ಬಮ್ ಎಂದು. ಇದೇ ಮಾತನ್ನು ಇಪ್ಪತ್ತು ವರ್ಷದ ಹಿಂದೆ ನಾನು ಗೆಳೆಯ ಸೀನನಿಗೆ ಹೇಳಿದ್ದೆ. ನೆನಪಾಗಿ ನಾಚಿಕೆಯಾಯಿತು.

ಸೀನ ಮತ್ತು ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆವು. ನಾನು ಮೇಲಿನ ಮಹಡಿಯಲ್ಲಿ, ಗಾಜಿನ ಬಾಗಿಲ ಹಿಂದೆ, ಡ್ರಾಯಿಂಗ್ ಬರೆಯುವವನು. ಅವನು ಕೆಳಗೆ ತಗಡು ಕತ್ತರಿಸುವ ಪ್ರೆಸ್ಸಿನ ಮುಂದೆ ದಿನಕ್ಕೆ ಎಂಟು ಗಂಟೆ ನಿಲ್ಲುವವನು, ಓಟಿ ಇದ್ದರೆ ಹನ್ನೆರಡು. ಭಾನುವಾರ ಮಧ್ಯಾಹ್ನ ಜಾಲಹಳ್ಳಿಯ ನನ್ನ ಬಾಡಿಗೆ ಕೋಣೆಗೆ ಹಾಡು ಕೇಳಲು ಬರುತ್ತಿದ್ದ. ಕ್ಯಾಸೆಟ್ಟಿನ ಒಂದು ಬದಿ ಮುಗಿಯುವವರೆಗೆ ಯಾರೂ ಮಾತಾಡಬಾರದು ಎಂಬುದು ಕಾನೂನು. ಕಾನೂನು ಮಾಡಿದವನು ನಾನೇ ಎಂದು ಬೇರೆ ಹೇಳಬೇಕಿಲ್ಲ. ಅವನು ಆಗಾಗ ಎದ್ದು ಹೋಗಿ ಸೌಂಡು ಏರಿಸುತ್ತಿದ್ದ. ಕೆಳಗಿನ ಮನೆಯ ಓನರಮ್ಮನಿಗೆ ಹೆದರಿ ನಾನು ಇಳಿಸುತ್ತಿದ್ದೆ. ಇವನಿಗೆ ಸಂಸ್ಕಾರ ಸಾಲದು ಎಂದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಅವನೇ ಆರನೆಯದರ ಕ್ಯಾಸೆಟ್ಟು ಕೊಂಡು ತಂದ. ನಾನು ಎರಡನೆಯ ಹಾಡಿಗೇ ನಿಲ್ಲಿಸಿ ಭಾಷಣ ಶುರುಮಾಡಿದೆ. ಆಳವಿಲ್ಲ, ಗಾಂಭೀರ್ಯವಿಲ್ಲ, ದುಡ್ಡಿಗೆ ಮಾರಿಕೊಂಡಿದ್ದಾರೆ, ಹೀಗೇ. ಅವನು ತನಗೆ ಇಷ್ಟವಾಯಿತು ಎಂದಷ್ಟೇ ಹೇಳಿದ.

"ನಿಂಗೆ ತಾಳ್ಮೆ ಇಲ್ಲ ಕಣೋ," ಎಂದೆ.

ದಿನವಿಡೀ ಪ್ರೆಸ್ಸಿನ ಮುಂದೆ ನಿಲ್ಲುವವನಿಗೆ ಕುರ್ಚಿಯಲ್ಲಿ ಕೂತವನ ತಾಳ್ಮೆಯ ಪಾಠ. ಅವನು ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು ಹೋದ. ಮುಂದಿನ ಭಾನುವಾರ ಬರಲಿಲ್ಲ. ಬಿಗುಮಾನ ನನಗೂ ಕಡಿಮೆ ಇರಲಿಲ್ಲ. ಆಮೇಲೆ ನಾನು ಬೇರೆ ಕಂಪನಿ ಸೇರಿ ಮಹದೇವಪುರಕ್ಕೆ ಮನೆ ಬದಲಿಸಿದೆ. ಇಪ್ಪತ್ತು ವರ್ಷ ಹಾಗೇ ಹೋಯಿತು.

ಆ ದಿನ ಬಸ್ಸಿನಿಂದಲೇ ಹಳೆಯ ಸಹೋದ್ಯೋಗಿಯೊಬ್ಬನನ್ನು ಕೇಳಿ ಸೀನನ ನಂಬರು ತೆಗೆದುಕೊಂಡೆ. ಎತ್ತಿದವರು ಅವನ ಹೆಂಡತಿ. "ಅವ್ರಿಗೆ ಫೋನಲ್ಲಿ ಕೇಳ್ಸಲ್ಲ ಅಣ್ಣ, ಮನೆಗೇ ಬಂದ್ಬಿಡಿ," ಎಂದರು.

ಭಾನುವಾರ ಹೋದೆ. ಸೀನನ ತಲೆ ಪೂರ್ತಿ ಬೆಳ್ಳಗಾಗಿತ್ತು, ಎರಡೂ ಕಿವಿಗೆ ಮಷೀನು. ಯಾವಾಗಿನಿಂದ ಹೀಗೆ ಎಂದು ಕೇಳಿದೆ.

"ಪೀಣ್ಯದಲ್ಲಿದ್ದಾಗ್ಲೇ ಹೋಗಿತ್ತು ಕಣೋ, ಆ ಪ್ರೆಸ್ ಸದ್ದಲ್ಲಿ ನಿಂತು ನಿಂತು. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಯಾರಿಗೂ ಹೇಳ್ಲಿಲ್ಲ. ನಿನ್ನ ನಾಲ್ಕನೇದ್ರಲ್ಲಿ ಮೊದಲು ಮೂರು ನಿಮಿಷ ನಂಗೆ ಏನೂ ಕೇಳ್ತಿರ್ಲಿಲ್ಲ. ನೀನು ಕಣ್ಮುಚ್ಕೊಂಡು ತಲೆ ಆಡಿಸ್ತಿದ್ದೆ. ನಾನೂ ಆಡಿಸ್ತಿದ್ದೆ."

ಆರನೆಯದು ಮಾತ್ರ ಮೊದಲಿನಿಂದ ಕೊನೆಯವರೆಗೆ ಕೇಳಿಸುತ್ತಿತ್ತಂತೆ. ಈಗ ಮಷೀನಿನಲ್ಲಿ ಜನರ ಮಾತು ತಿಳಿಯುತ್ತದೆ, ಹಾಡು ಹಾಕಿದರೆ ತಗಡು ಕೆರೆದ ಹಾಗೆ ಎಂದ. ನಾಲ್ಕನೆಯದರ ಆ ಮೂರು ನಿಮಿಷದಲ್ಲಿ ಏನಿತ್ತು ಈಗಲಾದರೂ ಹೇಳು ಎಂದ.

ಆ ಆಲ್ಬಮ್ಮಿನ ಬಗ್ಗೆ ಗುಂಪಿನಲ್ಲಿ ಪುಟಗಟ್ಟಲೆ ಬರೆದವನು ನಾನು. ಬರೆದದ್ದೆಲ್ಲ ಅದು ಎಷ್ಟು ದೊಡ್ಡದು ಎಂದೇ ಹೊರತು ಅದರಲ್ಲಿ ಏನಿದೆ ಎಂದಲ್ಲ. ಕೊನೆಗೆ ಫೋನಿನಲ್ಲಿ ಹಾಡು ಹಾಕಿ, ನನ್ನ ಕಿವಿಗೆ ಹಿಡಿದುಕೊಂಡು, ಕೇಳಿದ್ದನ್ನು ಕೇಳಿದ ಹಾಗೇ ಹೇಳತೊಡಗಿದೆ. ಮೊದಲು ಬರೀ ಗಾಳಿ. ಆಮೇಲೆ ದೂರದಲ್ಲಿ ಒಂದು ಕೊಳಲು, ಒಂದೇ ಸ್ವರವನ್ನು ಎರಡು ಸಲ ಎತ್ತಿ ಅರ್ಧಕ್ಕೇ ಬಿಡುತ್ತದೆ. ಯಾರೋ ಗಿಟಾರಿನ ತಂತಿಯ ಮೇಲೆ ಬೆರಳು ಜಾರಿಸುತ್ತಾರೆ. ಮತ್ತೆ ಗಾಳಿ. ಆಮೇಲೆ ಡ್ರಮ್ಮು. ಅಲ್ಲಿಂದ ಮುಂದೆ ಅವನಿಗೇ ಗೊತ್ತಿತ್ತು.

ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.

"ಇಷ್ಟೇನಾ?" ಎಂದ.

"ಇಷ್ಟೇ ಕಣೋ."

"ಚೆನ್ನಾಗಿದೆ. ಆದ್ರೂ ನಂಗೆ ಆರನೇದೇ."

ಇಷ್ಟಕ್ಕಾಗಿ ಒಬ್ಬ ಗೆಳೆಯನನ್ನು ಇಪ್ಪತ್ತು ವರ್ಷ ಬಿಟ್ಟಿದ್ದೆನಲ್ಲ.

ಇವತ್ತೂ ಬಸ್ಸು ನಿಂತಿದೆ, ಗುಂಪಿನಲ್ಲಿ ಜಗಳವೂ ನಿಂತಿಲ್ಲ. ನಾನು ಆರನೆಯದನ್ನು ಹಾಕಿಕೊಂಡು ಕೂತಿದ್ದೇನೆ. ಐದು ಹಾಡಾಯಿತು, ಇನ್ನೂ ಇಷ್ಟವಾಗಿಲ್ಲ. ಇಷ್ಟವಾಯಿತೆಂದು ಸೀನನಿಗೆ ಸುಳ್ಳು ಹೇಳಲಾರೆ. ಪೂರ್ತಿ ಕೇಳಿದೆ ಎಂದು ಮಾತ್ರ ಹೇಳಬೇಕು. ಇನ್ನೂ ನಾಲ್ಕು ಹಾಡು ಇದೆ.