ಗಾಜಿನ ಹಿಂದಿನ ತುದಿ

ಇವತ್ತು ಅವರಿಗೆ ಜೋಡಿ ಇಲ್ಲ.

ಬೆಳಗಿನ ಐದೂವರೆ. ಗಾಜಿನ ಗೋದಾಮಿನ ಶಟರ್ ಅರ್ಧ ಎದ್ದಿದೆ. ಒಳಗೆ ಒಂದೇ ಟ್ಯೂಬ್‌ಲೈಟು. ಮರದ ಸ್ಟ್ಯಾಂಡಿಗೆ ಓರೆಯಾಗಿ ನಿಲ್ಲಿಸಿದ ಗಾಜಿನ ಹಾಳೆಗಳ ನಡುವೆ ಅವರು ಹಳೆಯ ಪತ್ರಿಕೆಗಳನ್ನು ಇಳಿಬಿಡುತ್ತಿದ್ದಾರೆ. ಗಾಜಿಗೆ ಗಾಜು ತಾಗಿ ನಿಂತರೆ ತೇವಕ್ಕೆ ಕಚ್ಚಿಕೊಳ್ಳುತ್ತದೆ, ಬಿಡಿಸಲು ಹೋದರೆ ಒಡೆಯುತ್ತದೆ. ಅದಕ್ಕೇ ನಡುವೆ ಕಾಗದ. ಇದು ಒಬ್ಬರೇ ಮಾಡಬಹುದಾದ ಕೆಲಸ, ಆದ್ದರಿಂದ ಅರ್ಧ ಕೂಲಿ. ಹೊರಗೆ ಟೆಂಪೊಗೆ ಗಾಜು ಏರಿಸುತ್ತಿರುವ ಮೂರು ಜೋಡಿಗಳಿಗೆ ಪೂರ್ತಿ ಕೂಲಿ.

"ಮೆಂಬ್ರು ಬರ್ಲಿಲ್ವಾ, ಬಾಲಂಗೋಚಿ?" ಅವರಲ್ಲೊಬ್ಬ ಕೇಳುತ್ತಾನೆ. ಗೊತ್ತಿದ್ದೇ ಕೇಳುತ್ತಾನೆ.

"ಗಾಳಿಪಟ ಮೀಟಿಂಗಿಗೆ ಹೋಗಿದೆ. ಬಾಲ ಇಲ್ಲೇ ಇದೆ," ಎನ್ನುತ್ತಾರೆ ಇವರು, ತಲೆ ಎತ್ತದೆ.

ಇವರಿಗೆ ಐವತ್ತೊಂದು ವರ್ಷ. ಗಾಜು ಹೊರಲು ಶುರುಮಾಡಿ ಇಪ್ಪತ್ತಾರು ವರ್ಷವಾಯಿತು. ಎಡ ಮುಂಗೈ ಮೇಲೆ ಹತ್ತೊಂಬತ್ತು ಹೊಲಿಗೆಗಳ ಗುರುತಿದೆ. ಬಾಲಂಗೋಚಿ ಎಂಬ ಹೆಸರು ಬಂದದ್ದು ಈಚೆಗೆ, ಇವರ ಜೋಡಿ ಪುರಸಭೆಗೆ ಗೆದ್ದ ಮೇಲೆ. ಜೋಡಿ ಅಂದರೆ ಹೆಂಡತಿಯ ತಮ್ಮ. ಎರಡು ವರ್ಷ ಮೂರು ತಿಂಗಳಿಂದ ಆತ ಈ ವಾರ್ಡಿನ ಸದಸ್ಯ. ಬೀದಿಯವರ ಬಾಯಲ್ಲಿ ಮೆಂಬ್ರು.

ಗಾಜು ಹೊರುವುದು ಇಬ್ಬರ ಕೆಲಸ. ಎಂಟು ಎಂಎಂ ದಪ್ಪ, ಏಳಡಿ ಉದ್ದ, ಐದಡಿ ಅಗಲದ ಒಂದು ಹಾಳೆ ಅರವತ್ತೈದು ಕೆ.ಜಿ. ತೂಗುತ್ತದೆ. ದಿನಕ್ಕೆ ಇಂಥವು ಮೂವತ್ತು, ಕೆಲವೊಮ್ಮೆ ಮೂವತ್ತೈದು. ಹೊರುವ ಇಬ್ಬರೂ ಹೆಚ್ಚುಕಡಿಮೆ ಒಂದೇ ಎತ್ತರ ಇರಬೇಕು. ಹೆಜ್ಜೆಯ ಉದ್ದವೂ ಒಂದೇ ಇರಬೇಕು. ಭಾವ, ಭಾಮೈದ ಇಬ್ಬರೂ ಐದಡಿ ನಾಲ್ಕಂಗುಲ. ಮದುವೆ ಮಾಡಿಕೊಳ್ಳುವಾಗ ಹುಡುಗಿಯ ಜೊತೆ ಅವಳ ತಮ್ಮನ ಎತ್ತರವನ್ನೂ ನೋಡಿದ್ದೆ ಎಂಬುದು ಇವರ ಹಳೆಯ ಜೋಕು.

"ಮುಂದಿನೋನು ದಾರಿ ನೋಡ್ತಾನೆ. ಹಿಂದಿನೋನು ಮುಂದಿನೋನ ಕತ್ತು ನೋಡ್ತಾನೆ. ಇಪ್ಪತ್ತು ವರ್ಷದಲ್ಲಿ ನಾನು ಅವನ ಕತ್ತು ನೋಡಿದಷ್ಟು ನನ್ನ ಹೆಂಡ್ತಿ ಮುಖ ನೋಡಿಲ್ಲ."

ಮುಂದಿನವನು ಕೂಗಿ ಹೇಳುತ್ತಾ ಹೋಗುತ್ತಾನೆ: ಮೆಟ್ಟಿಲು, ಎಡಕ್ಕೆ, ತಗ್ಗು. ಹಿಂದಿನವನು ಹೂಂಗುಡುತ್ತಾನೆ. ಇಳಿಸುವಾಗ ಮಾತ್ರ ಒಂದು ಕಟ್ಟುನಿಟ್ಟು. ಕೈ ತೆಗೆಯುವವನು "ಬಿಡ್ತೀನಿ" ಅನ್ನಬೇಕು. ಇನ್ನೊಬ್ಬ "ಬಿಡು" ಅನ್ನಬೇಕು. ಅದು ಕಿವಿಗೆ ಬೀಳುವವರೆಗೆ ಬೆರಳು ಸಡಿಲಿಸುವ ಹಾಗಿಲ್ಲ. ಬೆನ್ನು ತುರಿಸಲಿ, ಸೊಳ್ಳೆ ಕಚ್ಚಲಿ. ಹೇಳದೆ ಬಿಟ್ಟರೆ ಗಾಜು ಒಬ್ಬನ ಮೈಮೇಲೆ ಬೀಳುತ್ತದೆ.

ಬೇರೆಯವರ ಜೊತೆ ಹೊರಬಹುದಲ್ಲ ಎಂದು, ಪತ್ರಿಕೆಗೆ ಬರೆಯಲು ಬಂದ ನಾವು ಕೇಳಿದರೆ ಅವರು ಗೋದಾಮಿನ ಮೂಲೆ ತೋರಿಸುತ್ತಾರೆ. ಅಲ್ಲಿ ಒಡೆದ ಗಾಜಿನ ಚೂರು ತುಂಬಿದ ಡ್ರಮ್ಮಿದೆ. ಭಾಮೈದ ಗೆದ್ದ ಹೊಸತರಲ್ಲಿ, ಒಂದು ಸಭೆಯ ದಿನ, ಆರಡಿ ಆಳೊಬ್ಬನನ್ನು ಜೋಡಿ ಮಾಡಿ ಕಳಿಸಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೂರನೇ ಮಹಡಿಯ ತಿರುವಿನಲ್ಲಿ ಹಾಳೆ ಹೋಯಿತು. ಆ ದಿನ ಅರ್ಧ ಕೂಲಿಯೂ ಸಿಗಲಿಲ್ಲ. ಅಂದಿನಿಂದ ಜೋಡಿ ಇಲ್ಲದ ದಿನ ಇವರಿಗೆ ಕಾಗದದ ಕೆಲಸವೇ.

ಸಭೆ ಇರುವುದು ಹನ್ನೊಂದಕ್ಕೆ. ಟೆಂಪೊ ಹೊರಡುವುದು ಆರಕ್ಕೆ, ಕಟ್ಟಡದಿಂದ ಕಟ್ಟಡಕ್ಕೆ ತಿರುಗಿ ಬರುವುದು ಮಧ್ಯಾಹ್ನ ಎರಡಕ್ಕೆ. ನಡುವೆ ಗಾಜು ಇಳಿಸಿ ಸಭೆಗೆ ಓಡಲು ಆಗುವುದಿಲ್ಲ. ಹಾಗಾಗಿ ಸಭೆಯ ದಿನ ಇಬ್ಬರ ದಿನವೂ ಹೋಯಿತು.

ಇಷ್ಟಕ್ಕೂ ಸದಸ್ಯನಾಗಬೇಕೆಂದು ಇಬ್ಬರಿಗೂ ಚಟವಿರಲಿಲ್ಲ. ಗೋದಾಮಿನ ಗಲ್ಲಿಯ ಬಾಯಲ್ಲಿ ಒಂದು ಚರಂಡಿ ಇದೆ. ಅದರ ಮೇಲಿನ ಐದು ಚಪ್ಪಡಿಗಳಲ್ಲಿ ಎರಡು ಇಲ್ಲ. ನಾಲ್ಕು ವರ್ಷದ ಹಿಂದೆ, ಮಳೆನೀರು ತುಂಬಿ ಚರಂಡಿ ಕಾಣದೇ ಇದ್ದ ಬೆಳಿಗ್ಗೆ, ಮುಂದೆ ನಡೆಯುತ್ತಿದ್ದ ಭಾಮೈದ ಮೊಣಕಾಲವರೆಗೆ ಒಳಗೆ ಇಳಿದ. ಗಾಜು ಹಿಂದಿನವರ ಕೈಮೇಲೆ ಮುರಿಯಿತು. ಹತ್ತೊಂಬತ್ತು ಹೊಲಿಗೆ ಅದರದ್ದೇ. ಗಾಯ ಮಾಗುವ ಮುಂಚೆ ಇಬ್ಬರೂ ಪುರಸಭೆಗೆ ಏಳು ಸಲ ಹೋದರು. ಪ್ರತಿ ಸಲ ಕಿಟಕಿಯಲ್ಲಿದ್ದ ಗುಮಾಸ್ತ ಹೇಳಿದ್ದು ಒಂದೇ ಮಾತು: ನಿಮ್ಮ ವಾರ್ಡಿನ ಸದಸ್ಯರಿಗೆ ಹೇಳಿ. ಸದಸ್ಯ ಸಿಗುತ್ತಿರಲಿಲ್ಲ. ಚುನಾವಣೆ ಬಂದಾಗ ಗಲ್ಲಿಯವರು, ನಿಮ್ಮಿಬ್ಬರಲ್ಲೊಬ್ಬರು ನಿಲ್ಲಿ ಎಂದರು.

"ನಾನು ಹಿಂದೆ ನಡಿಯೋನು, ನನಗೆ ದಾರಿ ಗೊತ್ತಾಗಲ್ಲ, ಅವನೇ ನಿಲ್ಲಲಿ ಅಂದೆ. ನಲವತ್ತೊಂದು ಓಟಿಗೆ ಗೆದ್ದ."

ಸದಸ್ಯರಿಗೆ ಪ್ರತಿ ಸಭೆಗೂ ಭತ್ಯೆ ಇತ್ತು. ಅದು ಗಾಜಿನ ಆಳಿನ ಅರ್ಧ ದಿನದ ಕೂಲಿಗಿಂತ ಸ್ವಲ್ಪ ಕಡಿಮೆ. ತಿಂಗಳ ಕೊನೆಗೆ ಕೈಗೆ ಬಂದದ್ದನ್ನು ಭಾಮೈದ ಹಾಗೇ ತಂದು ಭಾವನಿಗೆ ಕೊಡುತ್ತಿದ್ದ. ನನಗೆ ಕೂರೋಕೆ ಕುರ್ಚಿಯಾದರೂ ಇದೆ, ನಿನಗೇನಿದೆ ಎನ್ನುತ್ತಿದ್ದ. ಸಭೆಯಲ್ಲಿ ಒಂದು ಟೀ, ಎರಡು ಬಿಸ್ಕತ್ತು, ಒಂದು ಬನ್ ಕೊಡುತ್ತಿದ್ದರು. ಬನ್ನನ್ನು ಅಜೆಂಡಾ ಹಾಳೆಯಲ್ಲಿ ಸುತ್ತಿ ಜೇಬಲ್ಲಿಟ್ಟುಕೊಂಡು ಬರುತ್ತಿದ್ದ. ಭಾವ ಬನ್ ತಿಂದು, ಕೈ ಒರೆಸಿ, ಹಾಳೆ ಬಿಡಿಸಿ ಓದುತ್ತಿದ್ದರು. ಚರಂಡಿ ಚಪ್ಪಡಿಯ ವಿಷಯ ಎಷ್ಟನೆಯದು, ಯಾವ ತಿಂಗಳು ಮುಂದಕ್ಕೆ ಹೋಯಿತು ಎಲ್ಲ ಅವರಿಗೆ ಬಾಯಿಪಾಠ. ಇದುವರೆಗೆ ನಾಲ್ಕು ಸಲ ಹೋಗಿದೆ.

ಹೋದ ತಿಂಗಳು ಸಭೆ ಮುಗಿಸಿ ಬಂದ ಭಾಮೈದನ ಜೇಬು ಖಾಲಿ ಇತ್ತು. ಇವತ್ತು ಬನ್ ಇರಲಿಲ್ಲ ಭಾವ, ಅಂದ. ಅದು ನಿಜವೇ.

ಆ ಸಭೆಯಲ್ಲಿ ಪೆಟ್ರೋಲ್ ಬಂಕ್ ಇಟ್ಟುಕೊಂಡಿರುವ ಸದಸ್ಯರೊಬ್ಬರು ಎದ್ದು, ಜನರ ತೆರಿಗೆಯಲ್ಲಿ ನಾವು ಟೀ ಕುಡಿಯುವುದು ನಾಚಿಕೆಗೇಡು, ಭತ್ಯೆಯನ್ನೂ ಉಪಾಹಾರವನ್ನೂ ಬಿಟ್ಟುಬಿಡೋಣ ಎಂದು ನಿರ್ಣಯ ಮಂಡಿಸಿದ್ದರು. ಅವರು ಢೋಂಗಿಯಲ್ಲ, ಗೆದ್ದ ದಿನದಿಂದ ಭತ್ಯೆ ಮುಟ್ಟಿದವರಲ್ಲ. ಉಳಿದವರು ಮೇಜು ಕುಟ್ಟಿದರು. ಇಪ್ಪತ್ಮೂರು ಸದಸ್ಯರೂ ಕೈ ಎತ್ತಿದರು. ಅಂದಿನ ಟೀ, ಬನ್ನಿನ ತಟ್ಟೆ ಹಾಗೇ ವಾಪಸ್ ಹೋಯಿತು. ನಮ್ಮ ಪತ್ರಿಕೆಯೂ ಮೊದಲ ಪುಟದಲ್ಲಿ ಫೋಟೊ ಹಾಕಿತು. ಓದುಗರ ಹನ್ನೊಂದು ಪತ್ರ ಬಂದವು, ಹನ್ನೊಂದೂ ಹೊಗಳಿದವು. ಕ್ಷೌರದಂಗಡಿಯಲ್ಲಿ ಕೇಳಿದರೆ, ಕುಡಿಯೋದಾದ್ರೆ ಅವರಪ್ಪನ ಮನೆ ದುಡ್ಡಲ್ಲಿ ಕುಡೀಲಿ ಎಂದರು. ಪುರಸಭೆಗೆ ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂದು ನಾವು ಬರೆದೆವು. ಇಪ್ಪತ್ಮೂರು ಜನರಲ್ಲಿ ಭತ್ಯೆ ಬೇಕಾಗಿದ್ದವರು ಯಾರಾದರೂ ಇದ್ದರೇ ಎಂದು ಕೇಳಲಿಲ್ಲ.

ಬಾಲಂಗೋಚಿಗೆ ಇದು ಗೊತ್ತಾದದ್ದು ಹತ್ತು ದಿನದ ಮೇಲೆ, ಗಾಜಿನ ನಡುವೆ. ಸಂಜೆ ಹಾಳೆಗಳನ್ನು ಸ್ಟ್ಯಾಂಡಿಗೆ ಏರಿಸುತ್ತಿದ್ದರು. ಈ ಕಡೆ ಭಾವ, ಆ ಕಡೆ ಭಾಮೈದ, ನಡುವೆ ಗಾಜು. ರದ್ದಿ ಕಟ್ಟಿನಿಂದ ಎಳೆದ ಪತ್ರಿಕೆಯಲ್ಲಿ ಎತ್ತಿದ ಕೈಗಳ ಫೋಟೊ. ಎಡದಿಂದ ನಾಲ್ಕನೆಯವನ ಅಂಗಿ ಇವರ ಹೆಂಡತಿ ಹೊಲಿದದ್ದು. ನಿಧಾನಕ್ಕೆ ಓದುವವರು ಅವರು. ಅಡಿಬರಹ ಎರಡು ಸಲ ಓದಿದರು. ಆಮೇಲೆ ಪತ್ರಿಕೆಯನ್ನು ಗಾಜಿಗೆ ಒತ್ತಿ ಹಿಡಿದು, ಆ ಕಡೆಯವನಿಗೆ ಕಾಣುವ ಹಾಗೆ ತಿರುಗಿಸಿದರು.

ಭಾಮೈದ ನೋಡಿದ. ಎಲ್ಲರೂ ಎತ್ತಿದರು, ನನ್ನದೂ ಎದ್ದುಬಿಡ್ತು, ಒಬ್ಬನೇ ಕೈ ಕೆಳಗಿಟ್ಟುಕೊಂಡು ಕೂತರೆ ಬನ್ನಿಗೆ ಬಂದವನು ಅಂತಾರೆ, ಎಂದೆಲ್ಲ ಹೇಳಿದ. ಇವರು ಹೇಳಿದ್ದು ಒಂದೇ.

"ಬಿಡೋ ಮುಂಚೆ ಹೇಳ್ಬೇಕಿತ್ತು."

ಆ ಸಂಜೆ ಉಳಿದ ಎಂಟು ಹಾಳೆಗಳನ್ನು ಏರಿಸುವಾಗ "ಬಿಡ್ತೀನಿ", "ಬಿಡು" ಬಿಟ್ಟು ಬೇರೆ ಮಾತಿರಲಿಲ್ಲವಂತೆ.

ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿ ಪಕ್ಕದ ಹೊಲಿಗೆ ಮೆಷಿನ್ನಿನಲ್ಲಿ ಇವರ ಹೆಂಡತಿ ಶಾಲೆ ಸಮವಸ್ತ್ರಕ್ಕೆ ಕಾಲರ್ ಹೊಲಿಯುತ್ತಾರೆ. ಅವತ್ತು ತಮ್ಮ ಊಟಕ್ಕೆ ಬಂದಾಗ ಮೆಷಿನ್ ನಿಲ್ಲಿಸದೆಯೇ ಮಾತಾಡಿದರಂತೆ. ಅದನ್ನು ನಮ್ಮೆದುರಿಗೂ ಅಷ್ಟೇ ಖಾರವಾಗಿ ಹೇಳುತ್ತಾರೆ.

"ಅತ್ತೆ ಒಡವೆ ಅಳಿಯ ದಾನ ಮಾಡಿದ ಹಾಗಾಯ್ತಲ್ಲೋ. ಬಂಕಿನವನು ಅವನದ್ದು ಬಿಟ್ಟ. ನೀನು ನಿನ್ನ ಭಾವಂದು ಬಿಟ್ಟೆ. ಪೇಪರ್ನಲ್ಲಿ ಮಾತ್ರ ನಿನ್ನ ಕೈ."

ತಮ್ಮ ತಲೆ ತಗ್ಗಿಸಿ ಉಂಡ. ಕೈ ತೊಳೆದು ಬಂದು, ಮುಂದಿನ ಸಭೆಯಲ್ಲಿ ಎದ್ದು ನಿಂತು ಮಾತಾಡುತ್ತೇನೆ ಎಂದ. ಭತ್ಯೆ ವಾಪಸ್ ಕೊಡಿ ಅಂತ ಕೇಳಬೇಡ, ನಗುತ್ತಾರೆ ಎಂದು ತಡೆದವರು ಭಾವ. ಅವರಿಗೆ ಬೇರೆಯೇ ಒಂದು ಯೋಚನೆ ಹೊಳೆದಿತ್ತು.

"ಸಭೇನ ನಾಲ್ಕು ಗಂಟೆಗೆ ಇಟ್ಕೊಂಡ್ರೆ ಮುಗೀತಲ್ಲ. ನಾವು ಎರಡಕ್ಕೆ ಬಂದಿರ್ತೀವಿ. ನಮಗೆ ಟೀನೂ ಬೇಡ, ಭತ್ಯೆನೂ ಬೇಡ. ಮನೇಲಿ ಕುಡ್ಕೊಂಡು ಹೋಗ್ತಾನೆ."

ಈ ನಡುವೆ ಗೋದಾಮಿನ ಮಾಲೀಕರು ತಮ್ಮ ಮಾತು ಹೇಳಿಬಿಟ್ಟಿದ್ದಾರೆ. ದೊಡ್ಡ ಆರ್ಡರ್ ಬರುವ ದಿನವೇ ಈ ಜೋಡಿ ನಾಗಾ ಹಾಕುತ್ತದೆ. ಮುಂದಿನ ತಿಂಗಳೂ ನಾಗಾ ಆದರೆ ಬೇರೆ ಜೋಡಿ ತರುತ್ತಾರೆ. ಆಮೇಲೆ ಭಾವನಿಗೆ ದಿನವೂ ಕಾಗದ, ಭಾಮೈದನಿಗೆ ಅದೂ ಇಲ್ಲ.

ಹನ್ನೊಂದಕ್ಕೆ ಪುರಸಭೆಯ ಸಭಾಂಗಣ. ಸಾರ್ವಜನಿಕರ ಬೆಂಚಿನಲ್ಲಿ ಪತ್ರಕರ್ತರು ಬಿಟ್ಟರೆ ಇನ್ನಿಬ್ಬರು. ಮೇಜಿನ ಮೇಲೆ ನೀರಿನ ಬಾಟಲಿ ಮಾತ್ರ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮೆಂಬ್ರು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಸಭೆ ಶುರುವಾದ ಅರ್ಧ ಗಂಟೆಗೆ ಎದ್ದು ನಿಲ್ಲುತ್ತಾರೆ. ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ, ಗಾಜಿನ ಅಂಚು ಹಿಡಿದ ಹಾಗೆ. ನಾನು ಕೂಲಿ ಬಿಟ್ಟು ಬರುತ್ತೇನೆ, ನನ್ನ ಜೊತೆ ಇನ್ನೊಬ್ಬರ ಕೂಲಿಯೂ ಹೋಗುತ್ತದೆ, ಸಭೆಯನ್ನು ಸಂಜೆ ನಾಲ್ಕಕ್ಕೆ ಇಟ್ಟರೆ ಉಪಕಾರ ಎನ್ನುತ್ತಾರೆ. ಇಷ್ಟು ಹೇಳಲು ಅವರಿಗೆ ಒಂದು ನಿಮಿಷವೂ ಬೇಕಾಗುವುದಿಲ್ಲ.

ಯಾರೂ ನಗುವುದಿಲ್ಲ. ಬಂಕಿನ ಸದಸ್ಯರು ಸಮಾಧಾನದಿಂದಲೇ ಉತ್ತರಿಸುತ್ತಾರೆ. ಸಂಜೆ ನಾಲ್ಕರ ಮೇಲೆ ಬಂಕಿನಲ್ಲಿ ವಾಹನಗಳ ಸಾಲು, ತಾವು ಅಲ್ಲಿರಲೇಬೇಕು. ಬಟ್ಟೆ ಅಂಗಡಿಯ ಸದಸ್ಯರೂ ಅದನ್ನೇ ಹೇಳುತ್ತಾರೆ. ವ್ಯಾಪಾರದ ಹೊತ್ತಿನಲ್ಲಿ ಬರಲು ಆಗುವುದಿಲ್ಲವಲ್ಲ. ಪರಿಶೀಲಿಸೋಣ ಎನ್ನುತ್ತಾರೆ ಅಧ್ಯಕ್ಷರು.

ಆಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಟೀ ಇದ್ದಾಗ ಸಭೆ ಒಂದೂವರೆ, ಎರಡರವರೆಗೆ ನಡೆಯುತ್ತಿತ್ತು ಎಂದು ಅಲ್ಲಿನ ಜವಾನ ಹೇಳುತ್ತಾನೆ. ಈಗ ಹನ್ನೆರಡೂವರೆ ಆಗುತ್ತಿದ್ದಂತೆ ಒಬ್ಬೊಬ್ಬರೇ ಹೊರಗೆ ಟೀ ಕುಡಿಯಲು ಏಳುತ್ತಾರೆ. ಎದ್ದವರು ವಾಪಸಾಗುವುದಿಲ್ಲ. ಹನ್ನೊಂದನೇ ವಿಷಯಕ್ಕೆ ಸದಸ್ಯರು ಸಾಲದೆ ಕೋರಂ ಮುರಿದು ಸಭೆ ನಿಲ್ಲುತ್ತದೆ. ಚರಂಡಿ ಚಪ್ಪಡಿ ಇದ್ದದ್ದು ಹದಿನಾಲ್ಕನೆಯದಾಗಿ. ಐದನೇ ಸಲ ಮುಂದಕ್ಕೆ ಹೋಗುತ್ತದೆ.

ಎರಡೂವರೆಗೆ ಮೆಂಬ್ರು ಗೋದಾಮಿಗೆ ಬರುತ್ತಾರೆ. ಭಾವ ಇನ್ನೂ ಕಾಗದ ಇಡುತ್ತಿದ್ದಾರೆ.

"ಕೇಳಿದ್ಯಾ?"

"ಕೇಳ್ದೆ. ಪರಿಶೀಲಿಸ್ತಾರಂತೆ."

"ಹದಿನಾಲ್ಕು?"

"ಬರ್ಲಿಲ್ಲ ಭಾವ."

ಇವರು ಇನ್ನೊಂದು ಪತ್ರಿಕೆ ಬಿಡಿಸಿ, ಗಾಜಿನ ನಡುವೆ ಇಳಿಬಿಟ್ಟು, ಸುಕ್ಕು ಸರಿಪಡಿಸುತ್ತಾರೆ. ಭಾಮೈದ ಜೇಬಿನಿಂದ ಅಜೆಂಡಾ ಹಾಳೆ ತೆಗೆದು ಸ್ಟ್ಯಾಂಡಿನ ಮೇಲಿಡುತ್ತಾನೆ. ಈ ಸಲ ಅದರಲ್ಲಿ ಏನೂ ಸುತ್ತಿಲ್ಲ.

"ಮುಂದಿನ ತಿಂಗಳಿಂದ ಹೋಗಲ್ಲ. ರಾಜೀನಾಮೆ ಬರೆದು ಕೊಡ್ತೀನಿ," ಎನ್ನುತ್ತಾನೆ. ಆಮೇಲೆ ಕೆಲಸದ ದನಿಯಲ್ಲಿ, "ಬಿಡ್ತೀನಿ ಭಾವ."

ಟೆಂಪೊದಿಂದ ಇಳಿದ ಮೂರು ಜೋಡಿಗಳೂ ಬಾಗಿಲಲ್ಲಿ ನಿಂತು ಕೇಳುತ್ತಿವೆ. ಬಾಲಂಗೋಚಿ "ಬಿಡು" ಅನ್ನುವುದಿಲ್ಲ. ಅಜೆಂಡಾ ಹಾಳೆ ತೆಗೆದುಕೊಂಡು ಹದಿನಾಲ್ಕನೆಯದನ್ನು ಬೆರಳಿಟ್ಟು ಓದುತ್ತಾರೆ. ಮಡಚಿ ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ. ಕೈಗವಸು ಏರಿಸಿಕೊಂಡು, ನಾಳೆಗೆ ತೆಗೆದಿಡಬೇಕಾದ ಹಾಳೆಯ ಹಿಂದಿನ ತುದಿಗೆ ಹೋಗಿ ನಿಲ್ಲುತ್ತಾರೆ.

"ಅಂಗಿ ಬಿಚ್ಚಿಡು, ಹರಿದುಹೋದ್ರೆ ನಿಮ್ಮಕ್ಕ ಸುಮ್ನಿರಲ್ಲ. ಹಿಡಿ."

ಎರಡು ವರ್ಷ ಮೂರು ತಿಂಗಳಲ್ಲಿ ನಡೆದದ್ದು ಇಪ್ಪತ್ತೊಂಬತ್ತು ಸಭೆ, ವಿಶೇಷ ಸಭೆ ಎರಡೂ ಸೇರಿ. ಅದಕ್ಕೆ ಮೆಂಬ್ರು ಕಳಕೊಂಡ ಕೂಲಿ ಇಪ್ಪತ್ತೊಂಬತ್ತು ದಿನದ್ದು. ಬಾಲಂಗೋಚಿಯದು ಇಪ್ಪತ್ತೆಂಟು ಅರ್ಧ ದಿನ, ಒಂದು ಪೂರ್ತಿ ದಿನ. ಒಡೆದ ಗಾಜು ಒಂದು. ಚಪ್ಪಡಿ ಎರಡು, ಅವು ಮೊದಲೇ ಇರಲಿಲ್ಲ.